ಗೋವಾದ ಚೀಲ, ಎರೆಹೊಲದ ಗೋಧಿ

ದೀಪಾವಳಿ ಮುಗಿದಿರುತ್ತದೆ. ಕಾಲುವೆಗೆ ನೀರು ಬಿಡುವ ಸುದ್ದಿ ಊರೂರಿಗೆ ಮುಟ್ಟಿರುತ್ತದೆ. ನವಲಗುಂದ, ಸವದತ್ತಿ, ಗೋಕಾಕ ಕಡೆಯ ಪೇಟೆಗಳಲ್ಲಿ ಗೊಬ್ಬರದಂಗಡಿ ಬಾಗಿಲು ತೆರೆಯುವ ಮೊದಲೇ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಒಳಗೆ ಕೌಂಟರಿನ ಮೇಲೆ ಹೆಬ್ಬೆಟ್ಟೊತ್ತುವ ಯಂತ್ರ, ಹಿಂದೆ ಸೂರಿನವರೆಗೆ ಒಟ್ಟಿದ ಚೀಲಗಳು. ಮಾತು ಹೆಚ್ಚೇನೂ ಇರುವುದಿಲ್ಲ.

“ಡಿಎಪಿ ಐತೇನ್ರಿ ಸಾವಕಾರ್ರ?”

“ಡಿಎಪಿ ಖಾಲಿ ಆತು. ಹತ್ತು ಇಪ್ಪತ್ತಾರು ಇಪ್ಪತ್ತಾರು ಬಂದೈತಿ, ಅದನ್ನ ಒಯ್ರಿ.”

“ಎಕರೆಕ ಎಷ್ಟ ಹಾಕೂದು?”

“ಎಲ್ಲಾರೂ ಒಂದ್ ಚೀಲ ಹಾಕ್ತಾರ. ನಿಮ್ದು ನೀರಾವರಿ, ಎರಡು ಹಾಕ್ರಿ.”

ಮೂರೂವರೆ ತಿಂಗಳು ಗೋಧಿ ಏನುಣ್ಣಬೇಕು ಎಂಬುದು ಅರ್ಧ ನಿಮಿಷದಲ್ಲಿ ತೀರ್ಮಾನವಾಯಿತು. ಒಂದು ಚೀಲವೋ ಎರಡೋ ಎಂಬ ಪ್ರಶ್ನೆ ಸಣ್ಣದೆನಿಸುತ್ತದೆ. ಆದರೆ ಅದಕ್ಕೆ ಉತ್ತರ ಚೀಲದಲ್ಲಿಲ್ಲ. ಅದು ಎರೆಮಣ್ಣಿನಲ್ಲಿ, ಮೊದಲ ನೀರಿನ ದಿನದಲ್ಲಿ, ಸ್ವಲ್ಪ ಮಟ್ಟಿಗೆ ದಿಲ್ಲಿಯ ಸಬ್ಸಿಡಿ ಲೆಕ್ಕದಲ್ಲೂ ಹಂಚಿಹೋಗಿದೆ.

ಘಟ್ಟ ಹತ್ತುವ ಗೊಬ್ಬರ

ಈ ಚೀಲಗಳಲ್ಲಿ ಗಣನೀಯ ಪಾಲು ಬರುವುದು ಗೋಧಿಯನ್ನೇ ಬೆಳೆಯದ ರಾಜ್ಯದಿಂದ. ಗೋವಾದಲ್ಲಿ ಭತ್ತವಿದೆ, ಗೇರು, ತೆಂಗು ಇವೆ. ಗೋಧಿ ಇಲ್ಲ. ಬೆಳಗ್ಗೆ ಸೈಕಲ್ಲಿನಲ್ಲಿ ಹಾರ್ನ್ ಒತ್ತುತ್ತ ಬರುವ ಪೊದೇರನ (ಬ್ರೆಡ್ ಮಾರುವವನ) ಪಾವ್‌ಗೂ ಹಿಟ್ಟು ಹೊರಗಿನಿಂದಲೇ ಬರಬೇಕು. ಆದರೆ ವಾಸ್ಕೋ ಸಮೀಪ, ದಾಬೋಳಿ ವಿಮಾನ ನಿಲ್ದಾಣದಾಚೆಯ ಕೆಂಪುಕಲ್ಲಿನ ಬಯಲಿನಲ್ಲಿ ಜುವಾರಿನಗರವಿದೆ. ಬಿರ್ಲಾ ಸಮೂಹವು ಅಮೆರಿಕದ ಯುಎಸ್ ಸ್ಟೀಲ್ ಕಂಪನಿಯ ಜೊತೆಗೂಡಿ 1967ರಲ್ಲಿ ಸ್ಥಾಪಿಸಿದ ಜುವಾರಿ ಆಗ್ರೋ ಕೆಮಿಕಲ್ಸ್‌ನ ಗೊಬ್ಬರ ಕಾರ್ಖಾನೆ ಅಲ್ಲಿ 1973ರಲ್ಲಿ ಕೆಲಸ ಶುರುಮಾಡಿತು. ಅದರ ‘ಜೈ ಕಿಸಾನ್’ ಹೆಸರು ಉತ್ತರ ಕರ್ನಾಟಕದ ಎರಡು ತಲೆಮಾರಿನ ರೈತರಿಗೆ ಗೊತ್ತು. 2022ರ ಜೂನ್‌ನಿಂದ ಕಾರ್ಖಾನೆ ಪಾರಾದೀಪ್ ಫಾಸ್ಫೇಟ್ಸ್ ಕಂಪನಿಯ ಕೈಯಲ್ಲಿದೆ. ಅದೇ ವರ್ಷದ ಅಕ್ಟೋಬರ್‌ನಿಂದ ದೇಶದ ಎಲ್ಲ ಸಬ್ಸಿಡಿ ಗೊಬ್ಬರದ ಚೀಲಗಳ ಮೇಲೂ ‘ಭಾರತ್’ ಎಂಬುದೇ ದೊಡ್ಡಕ್ಷರ. ತಯಾರಿಸಿದವರ ಹೆಸರು ಕೆಳಗೆ ಸಣ್ಣದಾಗಿ ಇರುತ್ತದೆ.

ಗೋವಾದಲ್ಲಿ ತಯಾರಾದರೂ ಇದರ ಕಚ್ಚಾವಸ್ತು ಬಹುಪಾಲು ಸಮುದ್ರ ದಾಟಿ ಬಂದದ್ದು. ರಂಜಕದ ಮೂಲವಾದ ಫಾಸ್ಫರಿಕ್ ಆಮ್ಲ, ಅಮೋನಿಯಾ, ಪೊಟ್ಯಾಷ್ ಇವೆಲ್ಲ ಮುರಗಾಂವ್ ಬಂದರಿನಲ್ಲಿ ಇಳಿಯುತ್ತವೆ. ಪೊಟ್ಯಾಷ್ ಅಂತೂ ಭಾರತದ ಗಣಿಗಳಲ್ಲಿ ಸಿಗುವುದೇ ಇಲ್ಲ. ಕೆನಡಾ, ರಷ್ಯಾ, ಬೆಲಾರುಸ್, ಜೋರ್ಡಾನ್‌ಗಳೇ ಗತಿ. ಹೀಗೆ ಬಂದದ್ದು ಗೊಬ್ಬರವಾಗಿ ರೈಲು, ಲಾರಿಗಳಲ್ಲಿ ಘಟ್ಟ ಹತ್ತುತ್ತದೆ. ಕುಳೆಯಿಂದ ಕ್ಯಾಸಲ್‌ರಾಕ್‌ವರೆಗೆ ರೈಲು ದಾರಿ 37 ಅಡಿ ಸಾಗಿದರೆ ಒಂದಡಿ ಏರುತ್ತದೆ. ಸರಕು ಗಾಡಿಗೆ ಹಿಂದಿನಿಂದಲೂ ಎಂಜಿನ್ ಕೊಟ್ಟು ನೂಕಬೇಕು.

ಜುವಾರಿನಗರದ ಸುತ್ತ, ಅಲ್ಲಿಯವರು ‘ಬಿರ್ಲಾ’ ಎಂದೇ ಕರೆಯುವ ವಸತಿಗಳಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕುಟುಂಬಗಳು ಬಹಳ. ಮಳೆ ಕೈಕೊಟ್ಟ ಸೀಮೆಯ ಜನ ಘಟ್ಟ ಇಳಿದು ಬಂದರೆ, ಗೊಬ್ಬರ ಅದೇ ಸೀಮೆಗೆ ಘಟ್ಟ ಹತ್ತಿ ಹೋಗುತ್ತದೆ. ಕಾರ್ಖಾನೆಯನ್ನು ನೆರೆಯಲ್ಲಿಟ್ಟುಕೊಳ್ಳುವ ಭಯ ಗೋವಾದ ಪಾಲಿಗೆ. 2018ರ ಜನವರಿಯಲ್ಲಿ ಬಂದರಿನಿಂದ ಹೊರಟ ಅಮೋನಿಯಾ ಟ್ಯಾಂಕರೊಂದು ಚಿಕಾಲಿಮ್ ಬಳಿ ಮಗುಚಿ, ಸುತ್ತಲಿನ ಮನೆಯವರನ್ನು ಕತ್ತಲಲ್ಲೇ ಎಬ್ಬಿಸಿ ಸಾಗಿಸಬೇಕಾಯಿತು. ಎರೆಹೊಲದ ಗೋಧಿಯ ಖರ್ಚಿನಲ್ಲಿ ಇದನ್ನು ಯಾರೂ ಬರೆದುಕೊಳ್ಳುವುದಿಲ್ಲ.

ಮೂರು ಅಂಕಿಗಳು

10:26:26 ಎಂದರೆ ನೂರು ಕಿಲೋ ಗೊಬ್ಬರದಲ್ಲಿ 10 ಕಿಲೋ ಸಾರಜನಕ, 26 ಕಿಲೋ ರಂಜಕ, 26 ಕಿಲೋ ಪೊಟ್ಯಾಷ್. 50 ಕಿಲೋ ಚೀಲದಲ್ಲಿ ಅದರ ಅರ್ಧ: 5, 13, 13. ಕೂಡಿಸಿದರೆ 31 ಕಿಲೋ. ಉಳಿದ 19 ಕಿಲೋ ಮಣ್ಣೋ ಮರಳೋ ಎಂದು ಅನುಮಾನಪಡುವವರಿದ್ದಾರೆ. ಪೊಟ್ಯಾಷ್ ಜೊತೆ ಅಂಟಿಕೊಂಡು ಬರುವ ಕ್ಲೋರಿನ್, ಅಮೋನಿಯಂ ಫಾಸ್ಫೇಟಿನಲ್ಲಿರುವ ಹೈಡ್ರೋಜನ್ ಇಂಥವು ಆ ತೂಕದ ಬಹುಪಾಲು. ಅವಿಲ್ಲದೆ ಈ ಪೋಷಕಾಂಶಗಳನ್ನು ಕಾಳಿನ ರೂಪಕ್ಕೆ ತರಲಾಗದು.

ತಯಾರಿಕೆಯ ಬಗೆ ಕಷ್ಟದ್ದೇನಲ್ಲ. ಫಾಸ್ಫರಿಕ್ ಆಮ್ಲಕ್ಕೆ ಅಮೋನಿಯಾ ಹಾಯಿಸಿದರೆ ಬಿಸಿ ರಾಡಿಯಂಥ ದ್ರಾವಣವಾಗುತ್ತದೆ. ಅದಕ್ಕೆ ಪೊಟ್ಯಾಷ್ ಸೇರಿಸಿ, ತಿರುಗುವ ದೊಡ್ಡ ಉರುಳೆಯಲ್ಲಿ ಕಾಳು ಕಟ್ಟಿಸಿ, ಒಣಗಿಸಿ, ಜರಡಿ ಹಿಡಿಯುತ್ತಾರೆ. ಹೀಗಾಗಿ ಪ್ರತಿ ಕಾಳಿನಲ್ಲೂ ಮೂರೂ ಇರುತ್ತವೆ. ಬೇರೆಬೇರೆ ಗೊಬ್ಬರಗಳನ್ನು ಕಣದಲ್ಲಿ ಸಲಿಕೆಯಿಂದ ಕಲಸಿದರೆ ಭಾರದ ಕಾಳು ಕೆಳಗಿಳಿದು ಹಗುರದ್ದು ಮೇಲುಳಿಯುತ್ತದೆ. ಹೊಲದಲ್ಲಿ ಒಂದು ಕಡೆ ಯೂರಿಯಾ ಹೆಚ್ಚು, ಇನ್ನೊಂದು ಕಡೆ ಪೊಟ್ಯಾಷ್ ಹೆಚ್ಚು. 10:26:26ರಂಥ ಸಂಯುಕ್ತ ಗೊಬ್ಬರಕ್ಕೆ ಆ ದೋಷವಿಲ್ಲ.

ಆದರೆ ಅದರ ಗುಣವೇ ಅದರ ಮಿತಿ. ಅನ್ನ ಇನ್ನಷ್ಟು ಬೇಕೆಂದರೆ ಸಾರು, ಪಲ್ಯ, ಹೋಳಿಗೆಯನ್ನೂ ಕೂಡಿಯೇ ಬಡಿಸುವ ತಾಟಿನಂತೆ ಈ ಚೀಲ. ಸಾರಜನಕ ಸಾಲದೆಂದು ಇನ್ನೊಂದು ಚೀಲ ಹಾಕಿದರೆ ಬೇಡದ ರಂಜಕ, ಪೊಟ್ಯಾಷ್ ಸಾರಜನಕದ ಎರಡೂವರೆ ಪಟ್ಟು ಹಿಂದೆಯೇ ಬರುತ್ತವೆ.

ಗೋಧಿ ಎಷ್ಟು ಉಣ್ಣುತ್ತದೆ?

ಒಂದು ಟನ್ ಕಾಳು ಕಟ್ಟಲು ಗೋಧಿ ಬೆಳೆ ನೆಲದಿಂದ ಸುಮಾರು 25 ಕಿಲೋ ಸಾರಜನಕ, 9 ಕಿಲೋ ರಂಜಕ, 30 ಕಿಲೋದ ಆಸುಪಾಸು ಪೊಟ್ಯಾಷ್ ಹೀರುತ್ತದೆ. ಹೆಕ್ಟೇರಿಗೆ ನಾಲ್ಕು ಟನ್, ಅಂದರೆ ಎಕರೆಗೆ ಹದಿನಾರು ಕ್ವಿಂಟಲ್ ಬರುವ ಒಳ್ಳೆಯ ನೀರಾವರಿ ಬೆಳೆಗೆ ಈ ಲೆಕ್ಕದಲ್ಲಿ 100 : 36 : 120 ಬೇಕು.

ಧಾರವಾಡ ಕೃಷಿ ವಿಶ್ವವಿದ್ಯಾಲಯ ನೀರಾವರಿ ಗೋಧಿಗೆ ಹೇಳುವ ಪ್ರಮಾಣ ಹೆಕ್ಟೇರಿಗೆ 100 : 75 : 50. ಎರಡನ್ನೂ ಪಕ್ಕಪಕ್ಕ ಇಟ್ಟರೆ ವಿಚಿತ್ರ ಕಾಣುತ್ತದೆ. ಸಾರಜನಕ ಸರಿಹೊಂದುತ್ತದೆ. ರಂಜಕ ಬೆಳೆ ಉಣ್ಣುವುದರ ಎರಡು ಪಟ್ಟು. ಪೊಟ್ಯಾಷ್ ಅರ್ಧಕ್ಕಿಂತಲೂ ಕಡಿಮೆ. ವಿಜ್ಞಾನಿಗಳು ಲೆಕ್ಕ ತಪ್ಪಿಲ್ಲ. ಶಿಫಾರಸು ಬೆಳೆಯ ಹಸಿವನ್ನಷ್ಟೇ ನೋಡುವುದಿಲ್ಲ, ಮಣ್ಣಿನ ಗುಣವನ್ನೂ ತೂಗುತ್ತದೆ.

ಮಲಪ್ರಭಾ, ಘಟಪ್ರಭಾ ಕಾಲುವೆಗಳ ಕೆಳಗಿನ ಎರೆಮಣ್ಣು ಸುಣ್ಣ ತುಂಬಿದ ಕ್ಷಾರದ ನೆಲ. ಅಲ್ಲಿ ಹಾಕಿದ ರಂಜಕವನ್ನು ಸುಣ್ಣ ಹಿಡಿದು ಕರಗದಂತೆ ಕಟ್ಟಿಹಾಕುತ್ತದೆ. ಮೊದಲ ಬೆಳೆಗೆ ದಕ್ಕುವುದು ಹಾಕಿದ್ದರಲ್ಲಿ ಐದನೇ ಒಂದು ಪಾಲಿನಷ್ಟು. ಉಳಿದದ್ದು ನೆಲದಲ್ಲೇ ಉಳಿದು ನಿಧಾನವಾಗಿ ಮುಂದಿನ ಬೆಳೆಗಳಿಗೆ ಸಿಗುತ್ತದೆ. ಅದಕ್ಕೇ ಅಗತ್ಯಕ್ಕಿಂತ ಹೆಚ್ಚು ಹೇಳುವುದು. ರಂಜಕ ಮಣ್ಣಿನಲ್ಲಿ ಹಾಕಿದ ಜಾಗದಿಂದ ಅಷ್ಟಾಗಿ ಕದಲುವುದೂ ಇಲ್ಲ. ಕೈಯಿಂದ ಎರಚಿದರೆ ಮೇಲೇ ಉಳಿಯುತ್ತದೆ. ಕೂರಿಗೆಯಿಂದ ಬೀಜದ ಪಕ್ಕ, ತುಸು ಕೆಳಗೆ ಬಿದ್ದರೆ ಎಳೆಬೇರಿಗೆ ನೇರ ಸಿಗುತ್ತದೆ. ಎರಚಿದ ಎರಡು ಚೀಲಕ್ಕಿಂತ ಕೂರಿಗೆಯಲ್ಲಿ ಬಿತ್ತಿದ ಒಂದೂವರೆ ಚೀಲ ಮೇಲು ಎನ್ನುವ ಅನುಭವಸ್ಥರ ಮಾತಿಗೆ ಕಾರಣ ಇದೇ.

ಪೊಟ್ಯಾಷ್ ಕಥೆ ಇದರ ತಿರುಗುಮುರುಗು. ಎರೆಮಣ್ಣಿನ ಜೇಡಿಯಲ್ಲೇ ಅದರ ದೊಡ್ಡ ದಾಸ್ತಾನಿದೆ. ಬೆಳೆ ಬೇಡಿದಷ್ಟನ್ನು ಬಹುಮಟ್ಟಿಗೆ ನೆಲವೇ ಕೊಡುತ್ತದೆ.

ಸಾರಜನಕದ್ದು ಬೇರೆಯದೇ ಸ್ವಭಾವ. ಹಾಕಿದ್ದರಲ್ಲಿ ದೊಡ್ಡ ಪಾಲು ಆವಿಯಾಗಿ ಗಾಳಿಗೆ, ನೀರಿನೊಂದಿಗೆ ಆಳಕ್ಕೆ ಹೋಗುತ್ತದೆ. ಕೊರತೆಯನ್ನು ತಿಪ್ಪೆಗೊಬ್ಬರ, ಹಿಂದಿನ ಬೆಳೆಯ ಉಳಿಕೆ, ಮಣ್ಣಿನ ಸಾವಯವ ಅಂಶ ತುಂಬಬೇಕು. ಮುಂಗಾರಿನಲ್ಲಿ ಹೆಸರು ಅಥವಾ ಸೋಯಾ ಬೆಳೆದ ಹೊಲಕ್ಕೂ ಗೋವಿನಜೋಳ ಬೆಳೆದ ಹೊಲಕ್ಕೂ ಆದ್ದರಿಂದಲೇ ಒಂದೇ ಲೆಕ್ಕ ಹೊಂದುವುದಿಲ್ಲ.

ಚೀಲಕ್ಕೆ ಇಳಿಸಿದರೆ

ಪುಸ್ತಕದ ಪ್ರಮಾಣ ಹೆಕ್ಟೇರಿನದು, ರೈತನ ಮಾತು ಎಕರೆಯದು, ಅಂಗಡಿಯದು ಚೀಲದ್ದು. ಈ ಮೂರರ ನಡುವೆ ಎಡವುವವರೇ ಹೆಚ್ಚು. 100 : 75 : 50 ಎಕರೆಗೆ ಇಳಿದರೆ 40 : 30 : 20.

30 ಕಿಲೋ ರಂಜಕವನ್ನು 10:26:26ರಿಂದಲೇ ಕೊಡುವುದಾದರೆ 115 ಕಿಲೋ, ಅಂದರೆ ಎರಡು ಚೀಲ ದಾಟಿ ಇನ್ನು 15 ಕಿಲೋ ಬೇಕು. ಆಗ ಪೊಟ್ಯಾಷ್ ಕೂಡ 30 ಕಿಲೋ ಆಗುತ್ತದೆ, ಬೇಕಿದ್ದಕ್ಕಿಂತ 10 ಹೆಚ್ಚು. ಸಾರಜನಕ ಮಾತ್ರ ಹನ್ನೊಂದೂವರೆ ಕಿಲೋ, ಮೂರನೇ ಒಂದು ಪಾಲೂ ಇಲ್ಲ. ಉಳಿದ ಇಪ್ಪತ್ತೆಂಟೂವರೆ ಕಿಲೋಗೆ ಸುಮಾರು 62 ಕಿಲೋ ಯೂರಿಯಾ ಹಾಕಬೇಕು.

ಅಂಗಡಿಕಾರ ಹೇಳಿದ ಎರಡು ಚೀಲ ಹೀಗೆ ನೋಡಿದರೆ ರಂಜಕದ ಮಟ್ಟಿಗೆ ಹತ್ತಿರವೇ ಇದೆ. ಒಂದೇ ಚೀಲ ಹಾಕಿದವರ ಬೆಳೆಗೆ ರಂಜಕ ಅರ್ಧಕ್ಕೂ ಕಡಿಮೆ, ಸಾರಜನಕ ಐದು ಕಿಲೋ. ನಾಲ್ಕು ಚೀಲ ಸುರಿದವರು 52 ಕಿಲೋ ರಂಜಕ ಹೂತರೂ ಸಾರಜನಕ ಇಪ್ಪತ್ತನ್ನು ದಾಟುವುದಿಲ್ಲ. ಎರಡೂ ಹೊಲಗಳಲ್ಲಿ ಬೆಳೆ ಯೂರಿಯಾಕ್ಕಾಗಿಯೇ ಕಾಯುತ್ತಿರುತ್ತದೆ.

12:32:16 ಸಿಕ್ಕರೆ ಲೆಕ್ಕ ಇನ್ನೂ ಚೆನ್ನಾಗಿ ಕೂಡುತ್ತದೆ. ಎರಡು ಚೀಲಕ್ಕೆ 12 : 32 : 16, ಎಕರೆಯ ಶಿಫಾರಸಿಗೆ ಬಹಳ ಸಮೀಪ. ಡಿಎಪಿ, ಅಂದರೆ ಡೈಅಮೋನಿಯಂ ಫಾಸ್ಫೇಟ್ ಆದರೆ ಒಂದೂಕಾಲು ಚೀಲ ದಾಟಿದರೆ ರಂಜಕ ಮುಗಿಯಿತು, ಪೊಟ್ಯಾಷ್ ಪ್ರತ್ಯೇಕ ಕೊಳ್ಳಬೇಕು. 20:20:0:13ರಲ್ಲಿ ಪೊಟ್ಯಾಷ್ ಇಲ್ಲ, ಕೊನೆಯ ಅಂಕಿ ಗಂಧಕದ್ದು. ಗಂಧಕ ಕಡಿಮೆಯಿರುವ ಹೊಲಕ್ಕೆ ಅದೇ ಒಳ್ಳೆಯದು. ಇಷ್ಟು ಬಗೆಯಲ್ಲಿ ಯಾವುದು ಶ್ರೇಷ್ಠ ಎಂದು ಕೇಳಿದರೆ ನನ್ನ ಮಟ್ಟಿಗೆ ಉತ್ತರ ಸರಳ: ಮಣ್ಣು ಪರೀಕ್ಷೆಯ ಚೀಟಿಗೆ ಹತ್ತಿರ ಬರುವುದು. ಹಲವು ವರ್ಷ ಡಿಎಪಿ ಬಿದ್ದ ಹೊಲದಲ್ಲಿ ರಂಜಕ ಆಗಲೇ ಶೇಖರವಾಗಿದ್ದರೆ ಈ ಎಲ್ಲ ಪ್ರಮಾಣಗಳನ್ನೂ ಇಳಿಸಬಹುದು.

ಇಪ್ಪತ್ತೊಂದನೆಯ ದಿನ

ರಂಜಕ, ಪೊಟ್ಯಾಷ್ ಪೂರ್ತಿ ಬಿತ್ತುವಾಗಲೇ ಹೋಗಬೇಕು. ಸಾರಜನಕ ಹಾಗಲ್ಲ, ಅರ್ಧ ತಳಕ್ಕೆ, ಅರ್ಧ ಮೇಲುಗೊಬ್ಬರವಾಗಿ.

ಬಿತ್ತಿದ ಇಪ್ಪತ್ತು–ಇಪ್ಪತ್ತೈದು ದಿನಕ್ಕೆ ಗೋಧಿ ಸಸಿಯ ಬುಡದ ಗೆಣ್ಣಿನಿಂದ ಹೊಸ ಬೇರುಗಳು ಹೊರಡುತ್ತವೆ. ಬೀಜದಿಂದ ಬಂದ ಮೊದಲ ಬೇರುಗಳು ಸಣ್ಣವು. ಬೆಳೆಯನ್ನು ಕೊನೆಯವರೆಗೆ ಹೊರುವುದು ಈ ಎರಡನೆಯ ಬೇರುಗಳೇ. ಅದರ ಹಿಂದೆಯೇ ಮರಿ ಒಡೆಯುತ್ತದೆ. ಒಂದು ಸಸಿಗೆ ಎಷ್ಟು ತೆನೆ ಎಂಬುದು ಈ ವಾರಗಳಲ್ಲಿ ನಿರ್ಧಾರವಾಗುತ್ತದೆ. ಮೊದಲ ನೀರೂ ಯೂರಿಯಾದ ಎರಡನೇ ಕಂತೂ ಆಗ ಕೂಡಿ ಬರಬೇಕು. ಎಕರೆಗೆ 20 ಕಿಲೋ ಸಾರಜನಕ ಎಂದರೆ ಈಗಿನ 45 ಕಿಲೋ ಯೂರಿಯಾ ಚೀಲ ಸರಿಸುಮಾರು ಒಂದು.

ನಮ್ಮ ಸೀಮೆಯಲ್ಲಿ ಇದಕ್ಕೆ ಅವಸರ ಹೆಚ್ಚು. ಪಂಜಾಬಿನ ಗೋಧಿಗೆ ಐದು ತಿಂಗಳ ಚಳಿ ಸಿಗುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರದ ಗೋಧಿ ಮೂರೂವರೆ ತಿಂಗಳಲ್ಲಿ ಮುಗಿಯಬೇಕು. ಫೆಬ್ರವರಿಯ ಬಿಸಿಲು ಏರಿದರೆ ಕಾಳು ತುಂಬುವ ಮೊದಲೇ ಒಣಗುತ್ತದೆ. ಕಾಲುವೆಯ ಕೊನೆಯ ರೈತನಿಗೆ ನೀರು ಮುಟ್ಟುವುದು ಹತ್ತು ದಿನ ತಡವಾದರೆ ಯೂರಿಯಾವೂ ಹತ್ತು ದಿನ ತಡ. ಒಣನೆಲಕ್ಕೆ ಎರಚಿದರೆ ಕ್ಷಾರದ ಮಣ್ಣಿನಲ್ಲಿ ಅದರ ಒಂದು ಪಾಲು ಅಮೋನಿಯಾ ಆಗಿ ಹಾರಿಹೋಗುತ್ತದೆ. ಕರ್ನಾಟಕದ ಗೋಧಿಯ ಸರಾಸರಿ ಇಳುವರಿ ದೇಶದ ಸರಾಸರಿಯ ಅರ್ಧವನ್ನೂ ಮುಟ್ಟದಿರುವುದಕ್ಕೆ ಮಳೆಯಾಶ್ರಿತ ಹೊಲಗಳು, ಮೋಟು ಚಳಿಗಾಲ ಮುಖ್ಯ ಕಾರಣ. ಚೀಲ ಹೆಚ್ಚಿಸಿ ಆ ಅಂತರ ತುಂಬಲಾಗದು.

ಹೆಚ್ಚು ಹಾಕಿದರೆ ಹೆಚ್ಚು ಬರುತ್ತದೆಯೇ?

ಬರುತ್ತದೆ, ಒಂದು ಹಂತದವರೆಗೆ. ಬಡ ನೆಲಕ್ಕೆ ಮೊದಲು ಹಾಕಿದ ಗೊಬ್ಬರಕ್ಕೆ ಗೋಧಿ ಕೊಡುವ ಉತ್ತರ ಕಣ್ಣಿಗೆ ಹೊಡೆಯುವಂಥದು. ಮುಂದಿನ ಕಂತಿಗೆ ಅಷ್ಟಿಲ್ಲ. ಅದರ ಮುಂದಿನದು ತನ್ನ ಬೆಲೆಯನ್ನೂ ಹುಟ್ಟಿಸುವುದಿಲ್ಲ. ಆಮೇಲೆ ಇಳುವರಿ ಇಳಿಯತೊಡಗುತ್ತದೆ.

ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬಿಬ್ಬರು 1843ರಲ್ಲಿ ಒಂದು ಗೋಧಿ ಹೊಲವನ್ನು ಪಟ್ಟಿಪಟ್ಟಿಯಾಗಿ ಭಾಗಮಾಡಿ, ಪ್ರತಿ ಪಟ್ಟಿಗೂ ಬೇರೆಬೇರೆ ಗೊಬ್ಬರ ಕೊಡತೊಡಗಿದರು. ಆ ಪ್ರಯೋಗ ಇವತ್ತಿಗೂ ನಡೆದಿದೆ. ಏನೂ ಹಾಕದ ಪಟ್ಟಿ ಇಷ್ಟು ವರ್ಷಗಳ ನಂತರವೂ ಹೆಕ್ಟೇರಿಗೆ ಒಂದು ಟನ್ನಿನಷ್ಟು ಕೊಡುತ್ತದೆ. ಸಾರಜನಕ ಏರಿಸಿದ ಪಟ್ಟಿಗಳಲ್ಲಿ ಇಳುವರಿ ಏರುತ್ತದೆ, ಆದರೆ ರಂಜಕ, ಪೊಟ್ಯಾಷ್ ಜೊತೆಗಿದ್ದಾಗ ಮಾತ್ರ ಅದು ಪೂರ್ತಿ ಏರುತ್ತದೆ.

ನಮ್ಮಲ್ಲೂ 1970ರಿಂದ ಇಂಥ ದೀರ್ಘಾವಧಿ ಪ್ರಯೋಗಗಳಿವೆ. ರಾಂಚಿಯ ಹುಳಿ ಮಣ್ಣಿನಲ್ಲಿ ವರ್ಷಗಟ್ಟಲೆ ಸಾರಜನಕವೊಂದನ್ನೇ ಕೊಟ್ಟ ತಾಕಿನಲ್ಲಿ ನೆಲ ಇನ್ನಷ್ಟು ಹುಳಿಯಾಗಿ ಇಳುವರಿ ಕುಸಿಯಿತು. ಗೋವಾದ ಕೆಂಪು ಜಂಬಿಟ್ಟಿಗೆ ಮಣ್ಣೂ ಹುಳಿಯದೇ. ಧಾರವಾಡದ ಸುಣ್ಣದ ಎರೆಗೆ ಆ ಅಪಾಯ ಕಡಿಮೆ. ಒಂದೇ ಚೀಲ, ಘಟ್ಟದ ಕೆಳಗೊಂದು ಫಲ, ಮೇಲೊಂದು ಫಲ.

ಸಾರಜನಕ ಅತಿಯಾದರೆ ಬೆಳೆ ಕಡುಹಸಿರಾಗಿ ಸೊಕ್ಕುತ್ತದೆ, ಕಾಂಡ ಮೆತ್ತಗಾಗುತ್ತದೆ. ತೆನೆ ತುಂಬುವಾಗ ನೀರು ಬಿಟ್ಟ ದಿನ ಗಾಳಿ ಬೀಸಿದರೆ ಹೊಲವೇ ಮಲಗುತ್ತದೆ. ಒತ್ತಾದ ಎಲೆಗಳ ನಡುವೆ ಭಂಡಾರ (ತುಕ್ಕು) ರೋಗಕ್ಕೂ ಹದವಾದ ಜಾಗ. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ತಳಿಯ ಬೀಜ ತರಿಸಿದ್ದರ ಹಿಂದಿದ್ದದ್ದು ಈ ಕಾಂಡದ ಸಮಸ್ಯೆಯೇ: ಗೊಬ್ಬರ ಉಂಡೂ ನಿಲ್ಲುವ ಗಿಡ ಬೇಕಿತ್ತು. ಉತ್ತರ ಕರ್ನಾಟಕದ ಹಳೆಯ ಸದಕ ಗೋಧಿ ಎತ್ತರದ್ದು, ಹೆಚ್ಚು ಉಣಿಸಿದರೆ ಬಾಗುವಂಥದು. ಧಾರವಾಡದಲ್ಲಿ ರೂಪಿಸಿದ ಡಿಡಿಕೆ 1025, ಡಿಡಿಕೆ 1029 ತಳಿಗಳು ಅದನ್ನು ಗಿಡ್ಡ ಮಾಡಿದವು. ಆದರೂ ಸದಕಕ್ಕೆ ಹೇಳುವ ಗೊಬ್ಬರ ಇತರ ಗೋಧಿಗಿಂತ ಕಡಿಮೆಯೇ.

ಕಾಳಿನೊಳಗೆ

ತೂಕದಲ್ಲಿ ಕಾಣದ ಫಲಿತಾಂಶಗಳೂ ಇವೆ. ಕಾಳಿನ ಪ್ರೋಟೀನ್ ಸಾರಜನಕದಿಂದಲೇ ಆದದ್ದು. ಸಾಕಷ್ಟು ಸಿಗದಿದ್ದರೆ ರವೆ, ಶಾವಿಗೆಗೆ ಬಳಸುವ ಗಟ್ಟಿ ಗೋಧಿಯ ಕಾಳಿನಲ್ಲಿ ಗಾಜಿನಂಥ ಹೊಳಪು ಹೋಗಿ, ಹಿಟ್ಟುಹಿಟ್ಟಾದ ಬಿಳಿ ಮಚ್ಚೆ ಮೂಡುತ್ತದೆ. ಅಂಥ ಗೋಧಿ ಗಿರಣಿಯಲ್ಲಿ ರವೆಯಾಗುವ ಬದಲು ಹಿಟ್ಟಾಗುತ್ತದೆ. ವ್ಯಾಪಾರಿ ಅಂಗೈಯಲ್ಲಿ ಕಾಳು ಹರಡಿ ನೋಡಿ ದರ ಇಳಿಸುವುದು ಸುಮ್ಮನಲ್ಲ.

ರಂಜಕ ಅತಿಯಾದರೆ ಕಳೆದುಕೊಳ್ಳುವುದು ಸತು. ಎರೆಮಣ್ಣಿನಲ್ಲಿ ಸತು ಮೊದಲೇ ಕಡಿಮೆ, ಮೇಲೆ ರಂಜಕದ ಹೊರೆ ಬಿದ್ದರೆ ಬೇರು ಅದನ್ನು ಹೀರುವುದು ಇನ್ನೂ ಕುಗ್ಗುತ್ತದೆ. ಕಾಳಿನಲ್ಲಿ ಫೈಟಿಕ್ ಆಮ್ಲ ಹೆಚ್ಚಿ, ಇದ್ದ ಸತುವೂ ಉಂಡವರ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಚಪಾತಿಯನ್ನೇ ನೆಚ್ಚಿದ ಮನೆಗಳಿಗೆ ಇದು ಸಣ್ಣ ಮಾತಲ್ಲ. ಒಂದು ಚೀಲ ಸಂಯುಕ್ತ ಗೊಬ್ಬರದ ದುಡ್ಡು ಉಳಿಸಿ ಜಿಂಕ್ ಸಲ್ಫೇಟ್ ಕೊಳ್ಳುವುದು ಎಷ್ಟೋ ಹೊಲಗಳಲ್ಲಿ ಜಾಣತನದ ವ್ಯವಹಾರ.

ಬೆಲೆಯೇ ಹೇಳುವ ಪ್ರಮಾಣ

ಇಷ್ಟೆಲ್ಲ ಗೊತ್ತಿದ್ದರೂ ಹೊಲಕ್ಕೆ ಬೀಳುವ ಪ್ರಮಾಣವನ್ನು ಬಹಳ ಸಲ ತೀರ್ಮಾನಿಸುವುದು ಬೆಲೆ. 45 ಕಿಲೋ ಯೂರಿಯಾ ಚೀಲ 266 ರೂಪಾಯಿ 50 ಪೈಸೆ. ವರ್ಷಗಳಿಂದ ಅದು ಕದಲಿಲ್ಲ. ರಂಜಕ, ಪೊಟ್ಯಾಷ್ ಗೊಬ್ಬರಗಳನ್ನು ಮಾತ್ರ 2010ರ ಏಪ್ರಿಲ್‌ನಿಂದ ಬೇರೆ ಸಬ್ಸಿಡಿ ಪದ್ಧತಿಗೆ ಸೇರಿಸಿದರು: ಸರ್ಕಾರ ಕೊಡುವ ಪಾಲು ನಿಗದಿ, ಉಳಿದ ಬೆಲೆ ಮಾರುಕಟ್ಟೆಗೆ ತಕ್ಕಂತೆ. ಡಿಎಪಿ ಚೀಲ 1350 ರೂಪಾಯಿಗೆ ಬಂದು ನಿಂತಿತು. ಲೆಕ್ಕ ಹಾಕಿದರೆ ಯೂರಿಯಾದಲ್ಲಿ ಒಂದು ಕಿಲೋ ಸಾರಜನಕಕ್ಕೆ 13 ರೂಪಾಯಿ, ಡಿಎಪಿಯಲ್ಲಿ ಒಂದು ಕಿಲೋ ರಂಜಕಕ್ಕೆ 54 ರೂಪಾಯಿಯ ಆಸುಪಾಸು. ಯಾವುದರ ಕಡೆ ಕೈ ಹೋಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ರೈತನಿಗೆ ಸಮತೋಲನದ ಉಪದೇಶ ಮಾಡುವವರು ಮೊದಲು ಈ ಎರಡು ಅಂಕಿಗಳ ಸಮತೋಲನ ನೋಡಬೇಕು.

2021ರ ಕೊನೆಗೆ ಚೀನಾ ಗೊಬ್ಬರದ ರಫ್ತು ಬಿಗಿ ಮಾಡಿತು, ಮರುವರ್ಷ ಯುಕ್ರೇನ್ ಯುದ್ಧ ಶುರುವಾಯಿತು. ಡಿಎಪಿಗೆ ಎಳೆದಾಟವಾದಾಗಲೆಲ್ಲ ಕೃಷಿ ಇಲಾಖೆಯವರೂ ಸಂಯುಕ್ತ ಗೊಬ್ಬರ ಬಳಸಿ ಎನ್ನುತ್ತಾರೆ. ಸಲಹೆ ಸರಿಯಾದದ್ದೇ. ಆದರೆ ಎಕರೆಗೆ ಎಷ್ಟು, ಯೂರಿಯಾ ಎಷ್ಟು ಕೂಡಿಸಬೇಕು ಎಂಬ ಚೀಟಿ ಚೀಲದೊಂದಿಗೆ ಹೋಗುವುದಿಲ್ಲ. 2015ರಲ್ಲಿ ಶುರುವಾದ ಮಣ್ಣಿನ ಆರೋಗ್ಯ ಚೀಟಿ ಆ ಕೆಲಸ ಮಾಡಬೇಕಿತ್ತು. ಚೀಟಿ ಮನೆಯ ಮಾಡದಲ್ಲಿದ್ದು, ಗೊಬ್ಬರದ ಮಾತು ಅಂಗಡಿಯಲ್ಲಿ ನಡೆದರೆ ಎರಡೂ ಕೂಡುವುದು ಕಷ್ಟ.

ಹೊಟ್ಟಿನೊಂದಿಗೆ ಹೋಗುವುದು

ಎರೆಮಣ್ಣಿನ ಪೊಟ್ಯಾಷ್ ದಾಸ್ತಾನು ಎಷ್ಟು ದಿನ ಬಾಳೀತು ಎಂಬ ಪ್ರಶ್ನೆಗೆ ಉತ್ತರ ಕಣದಲ್ಲಿದೆ. ಗೋಧಿ ಹೀರಿದ ಸಾರಜನಕ, ರಂಜಕಗಳ ಬಹುಪಾಲು ಕಾಳಿಗೆ ಸೇರುತ್ತದೆ. ಪೊಟ್ಯಾಷ್ ಮಾತ್ರ ಹೆಚ್ಚಿನಂಶ ಹುಲ್ಲು, ಹೊಟ್ಟಿನಲ್ಲೇ ಉಳಿಯುತ್ತದೆ. ಮನೆಯಲ್ಲಿ ನಾಲ್ಕು ದನಗಳಿದ್ದಾಗ ಹೊಟ್ಟು ಗ್ವಾದಲಿಗೆ, ಸಗಣಿ ತಿಪ್ಪೆಗೆ, ತಿಪ್ಪೆ ಹೊಲಕ್ಕೆ ಹೋಗಿ ಪೊಟ್ಯಾಷ್ ಸುತ್ತಿ ಬರುತ್ತಿತ್ತು.

ಈಗ ಉಳುವುದು ಟ್ರ್ಯಾಕ್ಟರ್, ಕೊಯ್ಯುವುದು ಯಂತ್ರ. ಯಂತ್ರ ಚೆಲ್ಲಿಹೋದ ಹುಲ್ಲನ್ನು ನೆಲಕ್ಕೆ ಸೇರಿಸಿದರೆ ಪೊಟ್ಯಾಷ್ ಅಲ್ಲೇ ಉಳಿಯುತ್ತದೆ. ಕಟ್ಟಿ ಮಾರಿದರೆ ಟ್ರಾಲಿಯೊಂದಿಗೇ ಊರು ಬಿಡುತ್ತದೆ. ಎಕರೆಗೆ 20 ಕಿಲೋ ಸಾಕೆಂಬ ಇವತ್ತಿನ ಲೆಕ್ಕ ಹುಲ್ಲು ಮಾರುವ ಹೊಲಕ್ಕೆ ಬಹುಕಾಲ ನಿಲ್ಲಲಾರದು. ಅಲ್ಲಿ ಕೆಲವು ವರ್ಷಗಳ ನಂತರದ ಮಣ್ಣು ಪರೀಕ್ಷೆ 10:26:26ರ ಕೊನೆಯ ಅಂಕಿಯನ್ನೇ ಕೇಳಿದರೂ ಕೇಳಬಹುದು.